ಹೆಸರಿಲ್ಲದ ಒಂದು ಹಾಳೆಯಿಂದ ನನ್ನ ಪಾಠ

ನಾನು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಆ ದೇಶದ ಇತಿಹಾಸವನ್ನೇ ಪಾಠ ಮಾಡುತ್ತೇನೆ. "ಅವರ ಇತಿಹಾಸ ಅವರಿಗೇ ನೀವು ಹೇಳಿಕೊಡೋದಾ?" ಎಂದು ಊರಿಗೆ ಹೋದಾಗ ಕೇಳುತ್ತಾರೆ. ಹೌದು. ಹಳೇ ದಾಖಲೆ ಕೂತು ಓದಿದವರು ಯಾರು ಬೇಕಾದರೂ ಹೇಳಬಹುದು.

ಇಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದವರಿಗೆ ಸಾಮಾನ್ಯವಾಗಿ ಆರನೇ ವರ್ಷ ಟೆನ್ಯೂರ್ ತೀರ್ಮಾನ. ಅಷ್ಟರಲ್ಲಿ ಪಿಎಚ್‌ಡಿ ಪ್ರಬಂಧ ಪುಸ್ತಕವಾಗಿರಬೇಕು. ಸಿಕ್ಕರೆ ಕೆಲಸ ಖಾಯಂ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು. ಆ ವರ್ಷಗಳಲ್ಲಿ ಪಾಠಕ್ಕೆ ಜಾಸ್ತಿ ಹೊತ್ತು ಕೊಡಬೇಡಿ ಅಂತ ಹಿರಿಯರು ಹೇಳುತ್ತಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ.

ಮೊದಲ ವರ್ಷದ ಕ್ಲಾಸಿನಲ್ಲಿ ಹೆಚ್ಚಿನವರು ನರ್ಸಿಂಗ್, ಬಿಸಿನೆಸ್ ಓದುವವರು. ಗುಲಾಮಗಿರಿಯ ಪಾಠ ಬಂದ ದಿನ ಲೆಕ್ಚರ್ ಇಲ್ಲ. 1860ರ ಜನಗಣತಿಯಲ್ಲಿ ಗುಲಾಮರನ್ನು ಬೇರೆಯಾಗಿ ಲೆಕ್ಕ ಹಾಕಿದ ಪಟ್ಟಿ, ಅಂದರೆ ಸ್ಲೇವ್ ಶೆಡ್ಯೂಲಿನ, ಒಂದು ಹಾಳೆ ಎಲ್ಲರ ಕೈಗೂ ಕೊಡುತ್ತೇನೆ. ಯಜಮಾನನ ಹೆಸರಿದೆ. ಪಕ್ಕದಲ್ಲಿ ಸಾಲುಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರು ಬರೆಯಲು ಕಾಲಮ್ಮೇ ಇಲ್ಲ. ಆ ವರ್ಷ ದೇಶದಲ್ಲಿ ಸುಮಾರು 40 ಲಕ್ಷ ಜನ ಹೀಗೆ ಲೆಕ್ಕಕ್ಕೆ ಬಂದರು.

"ಇದರಲ್ಲಿ ತಾಯಿ ಯಾರು, ಮಕ್ಕಳು ಯಾರು?" ಎಂದು ಕೇಳುತ್ತೇನೆ. ಹುಡುಗರು ವಯಸ್ಸು ಕೂಡಿ ಕಳೆದು ನೋಡುತ್ತಾರೆ. ಹೆಚ್ಚಾಗಿ ದೊಡ್ಡವರಿಂದ ಚಿಕ್ಕವರಿಗೆ ವಯಸ್ಸಿನ ಪ್ರಕಾರ ಬರೆದಿರುವುದರಿಂದ ಸಂಸಾರಗಳೇ ಕಾಣುವುದಿಲ್ಲ.

ಆಮೇಲೆ ಅದೇ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) 1870ರ ಜನಗಣತಿಯ ಹಾಳೆ. ಅಷ್ಟರಲ್ಲಿ ಗುಲಾಮಗಿರಿ ರದ್ದಾಗಿತ್ತು. ಈಗ ಹೆಸರಿದೆ, ಕಸುಬಿದೆ, ಓದಲು ಬರುತ್ತದೋ ಇಲ್ಲವೋ ಅಂತಲೂ ಇದೆ. ಆಗ 35ರ ಹೆಂಗಸು ಈಗ 45ರ ಆಸುಪಾಸು ಇರಬೇಕು, ಅಲ್ವಾ? ಹುಡುಕುತ್ತಾರೆ. ಸಿಕ್ಕಿದಳು ಅಂತ ಕೆಲವರು ಕೈ ಎತ್ತುತ್ತಾರೆ. ಖಾತ್ರಿ ಏನು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಯಜಮಾನನ ಮನೆತನದ ಹೆಸರನ್ನೇ ಎಲ್ಲರೂ ಇಟ್ಟುಕೊಳ್ಳಲಿಲ್ಲ. ವಯಸ್ಸೂ ಎಷ್ಟೋ ಕಡೆ ಅಂದಾಜಿನದು. ಗೊತ್ತಿರುವುದು ಯಾವುದು, ಊಹೆ ಯಾವುದು ಅಂತ ಬೇರೆ ಮಾಡುವುದೇ ನಮ್ಮ ಕಸುಬು. ಅದನ್ನು ನಾನು ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ.

ಆಮೇಲೆ ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ಮಾಡಿದ್ದ ಫ್ರೀಡ್‌ಮೆನ್ಸ್ ಬ್ಯೂರೋದ ಕಾಗದಗಳನ್ನು ಹುಡುಕಲು ಕಳಿಸುತ್ತೇನೆ. 1865ರಲ್ಲಿ ಶುರುವಾದ ಈ ಕಚೇರಿಯ ಕೂಲಿ ಕರಾರುಗಳಲ್ಲಿ ಬಿಡುಗಡೆಯಾದವರ ಹೆಸರಿದೆ. ಸಹಿ ಬಾರದವರ ಹೆಸರಿನ ಪಕ್ಕ ಒಂದು ಗುಣಿಸು ಗುರುತು. ಈಗ ಹೆಚ್ಚಿನವು ಆನ್‌ಲೈನ್‌ನಲ್ಲಿವೆ, ಹಾಸ್ಟೆಲ್ ರೂಮಿನಲ್ಲೇ ಓದಬಹುದು.

ಹೀಗೆ ಪಾಠ ಮಾಡುವ ಆಸೆ ಇದ್ದರೆ ಯೂನಿವರ್ಸಿಟಿ ಇರುವ ಕೌಂಟಿಯ ಹಾಳೆಯನ್ನೇ ಆರಿಸಿ. ಯಜಮಾನರ ಪಟ್ಟಿಯಲ್ಲಿರುವ ಕೆಲವು ಮನೆತನದ ಹೆಸರುಗಳು ಅಲ್ಲಿನ ರಸ್ತೆಗಳಿಗೂ ಇರಬಹುದು. ಅದನ್ನು ಹುಡುಗರೇ ಕಂಡುಹಿಡಿಯಲಿ.