ಪವರ್ ಟ್ರೋವೆಲ್‌ನಿಂದ ಕಾಂಕ್ರೀಟ್ ನೆಲಕ್ಕೆ ನುಣುಪು ಕೊಡುವ ಬಗೆ

ಗೋದಾಮು, ಕಾರ್ಖಾನೆಯ ಶೆಡ್ಡು, ಅಕ್ಕಿ ಗಿರಣಿ ಮುಂತಾದ ಕಡೆ ಕಾಂಕ್ರೀಟ್ ಹಾಸಿದ ಮೇಲೆ ಅದರ ಮೈಯನ್ನು ತಿಕ್ಕಿ, ಒತ್ತಿ, ಗಟ್ಟಿಗೊಳಿಸಿ ನುಣುಪಾಗಿಸುವ ಯಂತ್ರವೇ ಪವರ್ ಟ್ರೋವೆಲ್. ನಮ್ಮ ಕೆಲಸಗಾರರಲ್ಲಿ ಅನೇಕರು ಇದನ್ನು ಫ್ಲೋಟರ್ ಎಂದೇ ಕರೆಯುತ್ತಾರೆ. ಗಾರೆಯವರು ಕರಣೆಯಿಂದ ಮಂಡಿಯೂರಿ ಮಾಡುವ ಕೆಲಸವನ್ನೇ ಇದು ತಿರುಗುವ ನಾಲ್ಕು ಬ್ಲೇಡುಗಳಿಂದ ಮಾಡುತ್ತದೆ. ಯಂತ್ರವನ್ನು ನಡೆಸಲು ಅರ್ಧ ದಿನದಲ್ಲಿ ಕಲಿಯಬಹುದು. ಯಾವಾಗ ನೆಲಕ್ಕಿಳಿಸಬೇಕು ಎಂಬುದನ್ನು ಕಲಿಯಲು ಹಲವು ನೆಲಗಳನ್ನು ನೋಡಬೇಕು. ಆದ್ದರಿಂದ ಈ ಬರಹದಲ್ಲಿ ಹೆಚ್ಚಿನ ಮಾತು ಆ ಹೊತ್ತಿನ ಬಗ್ಗೆಯೇ ಇದೆ. ಆರು ಇಂಚು ದಪ್ಪದ, ಎಂ25 ಎಂಬ ಬಲದ ದರ್ಜೆಯ ಕಾಂಕ್ರೀಟಿನ ಗೋದಾಮಿನ ನೆಲ ಮತ್ತು ಹಿಂದೆ ನಿಂತು ನಡೆಸುವ 36 ಇಂಚಿನ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನುಣುಪಿನ ಗುಣ ಕಾಂಕ್ರೀಟ್ ಸುರಿಯುವಾಗಲೇ ಅರ್ಧ ತೀರ್ಮಾನವಾಗಿರುತ್ತದೆ. ಒಂದು ಲಾರಿಯ ಕಾಂಕ್ರೀಟ್ ಗಟ್ಟಿಯಾಗಿದ್ದು ಮುಂದಿನ ಲಾರಿಯದು ತೆಳುವಾಗಿದ್ದರೆ, ನೆಲ ಒಂದು ಕಡೆ ಬಿಗಿದು ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಆಗ ಎಷ್ಟೇ ನುರಿತ ಕೆಲಸಗಾರನಿದ್ದರೂ ಎರಡೂ ಭಾಗಗಳಿಗೆ ಸರಿಯಾದ ಹೊತ್ತು ಒಟ್ಟಿಗೆ ಸಿಗುವುದಿಲ್ಲ. ಹರಡಲು ಸುಲಭವಾಗಲಿ ಎಂದು ಸೈಟಿನಲ್ಲಿ ಪೈಪಿನಿಂದ ನೀರು ಬೆರೆಸುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು. ಸುರಿದ ಕಾಂಕ್ರೀಟನ್ನು ವೈಬ್ರೇಟರಿನಿಂದ ಕೂರಿಸಿ, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು, ಮಟ್ಟವನ್ನು ಆಗಲೇ ಖಚಿತಪಡಿಸಿಕೊಳ್ಳಬೇಕು. ಟ್ರೋವೆಲ್ ನುಣುಪು ಕೊಡುತ್ತದೆಯೇ ಹೊರತು ತಗ್ಗನ್ನು ತುಂಬುವುದಿಲ್ಲ.

ಪಟ್ಟಿ ಎಳೆದ ಸ್ವಲ್ಪ ಹೊತ್ತಿಗೆ ಜಲ್ಲಿ ಮತ್ತು ಮರಳು ಕೆಳಕ್ಕೆ ಕೂರುತ್ತಾ ಹೋದಂತೆ ನೀರು ಮೇಲಕ್ಕೆ ಬಂದು ನೆಲ ಹೊಳೆಯತೊಡಗುತ್ತದೆ. ಈ ನೀರು ತಾನಾಗಿ ಆರುವವರೆಗೆ ಯಂತ್ರವನ್ನು ಮುಟ್ಟಬಾರದು. ನೀರಿರುವಾಗಲೇ ತಿಕ್ಕಿದರೆ ಅದು ಮೇಲಿನ ಸಿಮೆಂಟಿನೊಡನೆ ಕಲೆತು ಮೇಲ್ಪದರ ದುರ್ಬಲವಾಗುತ್ತದೆ, ಮುಂದೆ ಗುಡಿಸಿದಷ್ಟೂ ಧೂಳೇಳುತ್ತದೆ. ಇದಕ್ಕಿಂತ ಕೆಟ್ಟದ್ದು ಮೈಯನ್ನು ಬೇಗನೆ ಬಿಗಿಯಾಗಿ ಮುಚ್ಚಿಬಿಡುವುದು. ಒಳಗಿನ ನೀರು ಮತ್ತು ಗಾಳಿಗೆ ದಾರಿ ಸಿಗದೆ ಮೇಲ್ಪದರದ ಕೆಳಗೇ ಸಿಕ್ಕಿಬಿದ್ದು ಗುಳ್ಳೆಗಳಾಗುತ್ತವೆ, ಇಲ್ಲವೇ ಕೆಲವು ತಿಂಗಳ ನಂತರ ಹಪ್ಪಳದಷ್ಟು ತೆಳುವಾದ ಪದರ ಎದ್ದುಬರುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಗೋದಾಮಿನಲ್ಲಿ ಕತ್ತಲಾಗುವ ಮುನ್ನ ಮುಗಿಸುವ ಆತುರಕ್ಕೆ ನಾನೇ ಒಪ್ಪಿ ಹೀಗಾಗಲು ಬಿಟ್ಟೆ. ತಟ್ಟಿದರೆ ಟೊಳ್ಳು ಸದ್ದು ಕೊಡುತ್ತಿದ್ದ ಆ ಭಾಗವನ್ನು ಒಡೆದು ಮತ್ತೆ ಹಾಕಬೇಕಾಯಿತು.

ನೀರು ಬೇಗ ಇಂಗಲೆಂದು ಒಣ ಸಿಮೆಂಟ್ ಉದುರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಅದರಿಂದ ಮೇಲೊಂದು ಸಿಮೆಂಟಿನ ಸಿಪ್ಪೆಯಾಗುತ್ತದೆ. ಅದು ಕೂದಲೆಳೆಯಂಥ ಬಿರುಕು ಬಿಟ್ಟು ಏಳುತ್ತದೆ. ತೀರಾ ನಿಂತ ನೀರನ್ನು ರಬ್ಬರ್ ಪೈಪನ್ನು ನೆಲದ ಮೇಲೆ ಮೆಲ್ಲಗೆ ಎಳೆದು ಅಂಚಿಗೆ ಸರಿಸಿ ತೆಗೆಯಬಹುದು. ದೊಡ್ಡ ಕೆಲಸಗಳಲ್ಲಿ ಟ್ರಿಮಿಕ್ಸ್ ವಿಧಾನದಿಂದ, ಅಂದರೆ ಬಟ್ಟೆ ಹಾಸಿ ಪಂಪಿನಿಂದ ನೀರನ್ನು ಹೀರಿ ತೆಗೆದು, ಕಾಯುವ ಹೊತ್ತನ್ನು ಬಹಳ ಕಡಿಮೆ ಮಾಡಿಕೊಳ್ಳುತ್ತಾರೆ.

ಹಾಗಾದರೆ ನೆಲ ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಗಡಿಯಾರವನ್ನು ನಂಬುವಂತಿಲ್ಲ, ಏಕೆಂದರೆ ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಗಾಳಿಯಲ್ಲಿ ಬಿಗಿಯುವ ವೇಗವೇ ಬೇರೆ, ಜುಲೈ ತಿಂಗಳ ಮಲೆನಾಡಿನ ಸಾಗರ ಊರಿನ ತಂಪಿನಲ್ಲಿ ಬಿಗಿಯುವ ವೇಗವೇ ಬೇರೆ. ನಂಬಬೇಕಾದದ್ದು ಹೆಜ್ಜೆಗುರುತನ್ನು. ಹೊಳಪು ಹೋಗಿ ನೆಲ ಮಂಕಾದ ಮೇಲೆ ಗಂಬೂಟು ಹಾಕಿಕೊಂಡು ನಿಂತು ನೋಡಬೇಕು. ಗುರುತು 3ರಿಂದ 6 ಮಿಲಿಮೀಟರಿನಷ್ಟು ಮಾತ್ರ ಇಳಿದರೆ ಮೊದಲ ಸುತ್ತಿಗೆ ಹೊತ್ತು ಬಂದಿದೆ. ಒಂದೇ ಕಡೆ ನೋಡಿ ತೀರ್ಮಾನಿಸಬಾರದು. ಬಿಸಿಲು ಬೀಳುವ ಬಾಗಿಲ ಬಳಿ, ನೆರಳಿನ ಮೂಲೆಯಲ್ಲಿ, ಮೊದಲು ಸುರಿದ ಜಾಗದಲ್ಲಿ, ಕಡೆಗೆ ಸುರಿದ ಜಾಗದಲ್ಲಿ ಬೇರೆ ಬೇರೆಯಾಗಿ ನೋಡಬೇಕು. ಬಿಸಿಗಾಳಿ ಬೀಸುತ್ತಿದ್ದರೆ ಮೇಲೆ ಕೆನೆಗಟ್ಟಿದಂತಾಗಿ ಒಳಗೆ ಹಸಿಯಾಗಿಯೇ ಇರುವುದುಂಟು. ಅಂಥ ದಿನ ಗಾಳಿಗೆ ತಡಿಕೆ ಕಟ್ಟಿ, ಬೆಳಗಿನ ಜಾವವೇ ಕಾಂಕ್ರೀಟ್ ಆರಂಭಿಸುವುದು ಉತ್ತಮ.

ಮೊದಲ ಸುತ್ತನ್ನು ಅಗಲವಾದ ಫ್ಲೋಟ್ ಬ್ಲೇಡುಗಳಿಂದ ಅಥವಾ ಅಡಿಗೆ ಸಿಕ್ಕಿಸುವ ದುಂಡನೆಯ ಪ್ಯಾನಿನಿಂದ, ನಿಧಾನ ವೇಗದಲ್ಲಿ ಮಾಡಬೇಕು. ಬ್ಲೇಡು ಪೂರ್ತಿ ಚಪ್ಪಟೆಯಾಗಿರಬೇಕು, ಓರೆ ಮಾಡಬಾರದು. ಈ ಸುತ್ತಿನ ಉದ್ದೇಶ ಹೊಳಪಲ್ಲ; ಜಲ್ಲಿಯನ್ನು ಕೆಳಗೊತ್ತಿ, ಸಣ್ಣ ಉಬ್ಬುತಗ್ಗುಗಳನ್ನು ಸಮ ಮಾಡಿ, ಸ್ವಲ್ಪ ಗಾರೆಯನ್ನು ಮೇಲಕ್ಕೆ ತರುವುದು. ಗೋಡೆ ಮತ್ತು ಕಂಬಗಳ ಸುತ್ತ ಯಂತ್ರ ತಲುಪದ ಕಡೆ ಕರಣೆಯಿಂದ ಮೊದಲೇ ತಿಕ್ಕಿಕೊಂಡಿರಬೇಕು. ಅದನ್ನು ಕೊನೆಗೆ ಬಿಟ್ಟರೆ ಅಂಚು ಬಿಗಿದು ಕೈಗೆ ಬಗ್ಗುವುದಿಲ್ಲ. ಫೋರ್ಕ್‌ಲಿಫ್ಟ್ ಓಡುವ ನೆಲಕ್ಕೆ ಮೈಯನ್ನು ಗಟ್ಟಿಗೊಳಿಸುವ ಹಾರ್ಡ್‌ನರ್ ಪುಡಿ ಹಾಕುವುದಿದ್ದರೆ, ತಯಾರಕರು ಹೇಳಿದ ಪ್ರಮಾಣದ ಮೂರರಲ್ಲಿ ಎರಡು ಪಾಲನ್ನು ಈ ಹಂತದಲ್ಲಿ ಸಮನಾಗಿ ಉದುರಿಸಿ, ಅದು ತೇವ ಹೀರಿ ಕಪ್ಪಾದ ಮೇಲೆ ತಿಕ್ಕಿ, ಉಳಿದ ಪಾಲನ್ನು ಅಡ್ಡ ದಿಕ್ಕಿನಲ್ಲಿ ಹಾಕಿ ಮತ್ತೆ ತಿಕ್ಕಬೇಕು.

ಯಂತ್ರವನ್ನು ಬಲದಿಂದ ತಳ್ಳಬೇಕಾಗಿಲ್ಲ. ಮೇಲಿನಿಂದ ನೋಡಿದಾಗ ಬ್ಲೇಡುಗಳು ಗಡಿಯಾರದ ಮುಳ್ಳಿನಂತೆ ತಿರುಗುವ ಯಂತ್ರದಲ್ಲಿ ಹಿಡಿಯನ್ನು ಸ್ವಲ್ಪ ಕೆಳಕ್ಕೊತ್ತಿದರೆ ಅದು ನಡೆಸುವವನ ಬಲಕ್ಕೂ, ಸ್ವಲ್ಪ ಎತ್ತಿದರೆ ಎಡಕ್ಕೂ ತಾನೇ ಸರಿಯುತ್ತದೆ. ಹೀಗೆ ಎಡಬಲ ಸರಿಸುತ್ತಾ, ಹಿಂದೆ ಹಿಂದೆ ನಡೆಯುತ್ತಾ ತಮ್ಮ ಹೆಜ್ಜೆಗಳನ್ನು ಅಳಿಸಿಕೊಂಡು ಬರಬೇಕು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಪ್ರತಿ ಸುತ್ತೂ ಹಿಂದಿನ ಸುತ್ತಿಗೆ ಅಡ್ಡಲಾಗಿರಬೇಕು. ತಿರುಗುತ್ತಿರುವ ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಗುಂಡಿಯಾಗುತ್ತದೆ.

ಮುಂದಿನ ಸುತ್ತುಗಳಿಗೆ ಕಿರಿದಾದ ಫಿನಿಶಿಂಗ್ ಬ್ಲೇಡು ಹಾಕಿ, ವೇಗವನ್ನೂ ಬ್ಲೇಡಿನ ಓರೆಯನ್ನೂ ಸುತ್ತಿನಿಂದ ಸುತ್ತಿಗೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಓರೆ ಹೆಚ್ಚಿದಷ್ಟೂ ಯಂತ್ರದ ಭಾರ ಕಿರಿದಾದ ಅಂಚಿನ ಮೇಲೆ ಬಿದ್ದು ಮೈ ಬಿಗಿಯುತ್ತದೆ. ನೆಲ ಹದವಾಗುವ ಮೊದಲೇ ಓರೆ ಮಾಡಿದರೆ ಅದೇ ಅಂಚು ಅಲೆಯಲೆಯಾಗಿ ಗೆರೆ ಕೊರೆಯುತ್ತದೆ. ಸುತ್ತುಗಳ ನಡುವೆಯೂ ಕಾಯಬೇಕು. ಅಂಗೈ ಒತ್ತಿದರೆ ಕೈಗೆ ಗಾರೆ ಅಂಟುತ್ತಿದ್ದರೆ ಇನ್ನೂ ಹೊತ್ತಿದೆ ಎಂದರ್ಥ. ಮೂರು ಸುತ್ತು ಸಾಮಾನ್ಯ ಗೋದಾಮಿಗೆ ಸಾಕು. ಕೊನೆಯ ಸುತ್ತಿನಲ್ಲಿ ಬ್ಲೇಡು ಗಟ್ಟಿ ನೆಲದ ಮೇಲೆ ಉಜ್ಜಿ ಲೋಹದ ನಾದ ಕೊಡತೊಡಗಿದಾಗ ಕೆಲಸ ಮುಗಿಯುತ್ತ ಬಂದಿದೆ. ಅದನ್ನು ಮೀರಿ ತಿಕ್ಕಿದರೆ ಕಪ್ಪು ಸುಟ್ಟ ಗುರುತುಗಳು ಉಳಿಯುತ್ತವೆ. ಬಿಗಿದ ನೆಲವನ್ನು ಸಡಿಲಿಸಲು ನೀರು ಚಿಮುಕಿಸಬಾರದು.

ಅಡಿಕೆ, ಕಾಫಿ ಒಣಗಿಸುವ ಕಣಕ್ಕೋ ಮನೆಯ ಅಂಗಳಕ್ಕೋ ಇದೇ ಯಂತ್ರ ಬಳಸುವವರು ಕನ್ನಡಿಯ ಹೊಳಪಿಗೆ ಆಸೆಪಡಬಾರದು, ಮಳೆಯಲ್ಲಿ ಅದು ಜಾರುತ್ತದೆ. ಅಲ್ಲಿ ಫ್ಲೋಟ್ ಸುತ್ತಿಗೇ ನಿಲ್ಲಿಸಬೇಕು; ಅಂಗಳವಾದರೆ ಪೊರಕೆಯಿಂದ ತೆಳುವಾಗಿ ಗೆರೆ ಎಳೆಯಬೇಕು.

ಮುಚ್ಚಿದ ಶೆಡ್ಡಿನಲ್ಲಿ ಪೆಟ್ರೋಲ್ ಯಂತ್ರ ಓಡಿಸುವಾಗ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಡಲೇಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಹಿಡಿ ಕೈತಪ್ಪಿದಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನು ತಂತಿಯಿಂದ ಕಟ್ಟಿಹಾಕಿ ಕೆಲಸ ಮಾಡುವುದನ್ನು ಕಂಡರೆ ಆ ಕ್ಷಣವೇ ತಡೆಯಬೇಕು. ಹಸಿ ಸಿಮೆಂಟ್ ಚರ್ಮವನ್ನು ಸುಡುವುದರಿಂದ ಗಂಬೂಟು, ಕೈಗವಸುಗಳು ಎಲ್ಲರಿಗೂ ಬೇಕು.

ತಿಕ್ಕುವುದು ಮುಗಿದು ಮೈ ಗುರುತು ಬೀಳದಷ್ಟು ಗಟ್ಟಿಯಾದೊಡನೆ ಒದ್ದೆ ಗೋಣಿತಾಟು ಹೊದಿಸಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥವು ಬೆರೆತಿದ್ದರೆ ಅಥವಾ ಬಿಸಿಯಾದ ಒಣಹವೆಯಿದ್ದರೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ನೆಲವನ್ನು ಸದಾ ಒದ್ದೆಯಾಗಿಡುವುದು, ಬೇಕು. ಬಿರುಕು ಬೇಕಾದಲ್ಲೇ ಬೀಳುವಂತೆ ಮಾಡುವ ಜಾಯಿಂಟ್‌ಗಳನ್ನು, ಕಟರ್ ಓಡಿಸಿದರೆ ಅಂಚಿನ ಜಲ್ಲಿ ಕಿತ್ತುಬಾರದಷ್ಟು ನೆಲ ಬಿಗಿದ ಕೂಡಲೇ, ಆ ಜಾಗದ ತಾಟನ್ನಷ್ಟೇ ಸರಿಸಿ ಕೊರೆಯಬೇಕು. ಆಳ ದಪ್ಪದ ಕಾಲುಭಾಗ, ಅಂದರೆ ಆರು ಇಂಚಿಗೆ ಒಂದೂವರೆ ಇಂಚು. ಅಂತರ ಸುಮಾರು ನಾಲ್ಕೂವರೆ ಮೀಟರ್. ನಾಳೆ ನೋಡೋಣ ಎಂದು ಬಿಟ್ಟರೆ ರಾತ್ರಿ ತಂಪಾಗುವಾಗ ನೆಲ ತನಗೆ ತೋಚಿದಲ್ಲಿ ಸೀಳುತ್ತದೆ.

ಯಂತ್ರವನ್ನು ಅಂದೇ ತೊಳೆದಿಡಬೇಕು. ಬ್ಲೇಡಿನ ತೋಳುಗಳಲ್ಲಿ ಗಾರೆ ಗಟ್ಟಿಯಾದರೆ ಅವು ಸಮನಾಗಿ ಓರೆಯಾಗುವುದಿಲ್ಲ, ನಾಲ್ಕರಲ್ಲಿ ಒಂದು ಬ್ಲೇಡು ಮಾತ್ರ ಕೆಳಗಿಳಿದು ಮುಂದಿನ ನೆಲದ ತುಂಬ ವೃತ್ತಾಕಾರದ ಗೀರು ಹಾಕುತ್ತದೆ.