ಹೊರಡುವ ಹಿಂದಿನ ರಾತ್ರಿ ಕಂಪ್ಯೂಟರಿನಲ್ಲೇ ದಾರಿ ಹಾಕಿಕೊಳ್ಳಿ

ಪ್ರವಾಸದ ದಾರಿಯನ್ನು ನಾನು ಗೊತ್ತುಮಾಡುವುದು ಕಂಪ್ಯೂಟರಿನ ಗೂಗಲ್ ಮ್ಯಾಪ್ಸ್‌ನಲ್ಲಿ. ಮೊಬೈಲಿನ ಪುಟ್ಟ ಪರದೆಯಲ್ಲಿ ಇಡೀ ಜಿಲ್ಲೆ ಒಂದೇ ನೋಟಕ್ಕೆ ಸಿಗುವುದಿಲ್ಲ.

ಕಲಬುರಗಿಯಿಂದ ಬೀದರ್ ಎಂದು ಕೊಟ್ಟರೆ ಕಮಲಾಪುರ, ಹುಮನಾಬಾದ್ ಮೇಲಿನ ದಾರಿ ಬರುತ್ತದೆ. ನನಗೋ ಬಸವಕಲ್ಯಾಣದ ಕೋಟೆಯೂ ಬೇಕು, ಜಲಸಂಗಿಯ ಶಿಲಾಬಾಲಿಕೆಯರೂ ಬೇಕು. ಎರಡನ್ನೂ ನಡುವಿನ ನಿಲುಗಡೆಗಳಾಗಿ ಸೇರಿಸುತ್ತೇನೆ. ನಿಲುಗಡೆಗಳ ಕ್ರಮವನ್ನು ತಂತ್ರಾಂಶ ತಾನಾಗಿ ಸರಿಪಡಿಸುವುದಿಲ್ಲ. ಜಲಸಂಗಿಯನ್ನು ಮೊದಲು ಹಾಕಿದರೆ ಬಸವಕಲ್ಯಾಣಕ್ಕೆ ಸುಮ್ಮನೆ ಹಿಂದಕ್ಕೆ ಹೋಗಬೇಕಾಗುತ್ತದೆ. ಹೆಸರುಗಳನ್ನು ಮೇಲೆ ಕೆಳಗೆ ಎಳೆದು ಒಟ್ಟು ಕಿಲೋಮೀಟರ್ ಹೋಲಿಸಿ ನೋಡಿ. ನೀಲಿ ಗೆರೆಯನ್ನೇ ಮೌಸಿನಿಂದ ಹಿಡಿದು ನಿಮಗೆ ಬೇಕಾದ ರಸ್ತೆಗೆ ಸರಿಸಲೂಬಹುದು.

ಅದು ತೋರಿಸುವ ಸಮಯ ಬರೀ ಓಡಾಟದ್ದು. ಬೀದರಿನಲ್ಲಿ 1472ರ ಮಹಮೂದ್ ಗಾವಾನ್ ಮದರಸಾದ ಹೆಂಚುಗಳನ್ನು ನೋಡಲು ನಿಂತವರು ಬೇಗ ಕದಲುವುದಿಲ್ಲ, ಅದಕ್ಕೆ ಬೇರೆಯೇ ಹೊತ್ತು ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಗಾಣಗಾಪುರದ ಕಡೆ ಹೊರಟರೆ ನಕ್ಷೆಯೊಂದನ್ನೇ ನಂಬಬೇಡಿ. ಭೀಮೆ ತುಂಬಿದಾಗ ಘತ್ತರಗಿಯಂಥ ತಗ್ಗು ಸೇತುವೆಗಳು ಮುಳುಗುತ್ತವೆ. ಪರದೆಯ ಮೇಲೆ ಮಾತ್ರ ರಸ್ತೆ ತೆರೆದೇ ಕಾಣಬಹುದು. ಉಪಗ್ರಹ ಚಿತ್ರವೂ ಹಳೆಯದಾಗಿರುತ್ತದೆ. ಆ ಬೆಳಗಿನ ಪತ್ರಿಕೆ ನೋಡಿ, ದಾರಿಯ ಊರಿನವರಿಗೊಂದು ಫೋನ್ ಮಾಡಿ.

ಕೊನೆಗೆ ದಾರಿಯನ್ನು ಮೊಬೈಲಿಗೆ ಕಳುಹಿಸಿ, ಆ ಪ್ರದೇಶದ ಆಫ್‌ಲೈನ್ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ.