ಹಗ್ಗದಲ್ಲಿ ನೀಲಿಕಲ್ಲು: ಮೊದಲು ಉಪ್ಪು ನೋಡಿ, ಆಮೇಲೆ ಇಳಿಸಿ

ನದಿ ಕಡಲು ಸೇರುವ ಅಳಿವೆಯಲ್ಲಿ ನೀಲಿಕಲ್ಲು, ಅಂದರೆ ಬಂಡೆಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪುಜೀವಿ, ಸಾಕಲು ಹೊರಟವರು ಹಗ್ಗಕ್ಕಿಂತ ಮೊದಲು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಲಿ. ಮಂಗಳೂರು ಕಡೆ ಪಚ್ಚಿಲೆ ಎನ್ನುವ ಈ ಜೀವಿಗೆ ಮೀನಿನಂತೆ ಮೈಯೊಳಗಿನ ಉಪ್ಪನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಹೊರಗಿನ ನೀರು ಎಷ್ಟು ಉಪ್ಪೋ ಒಳಗಿನ ದ್ರವವೂ ಹೆಚ್ಚುಕಡಿಮೆ ಅಷ್ಟೇ. ನೀರು ಸಪ್ಪೆಯಾದರೆ ಚಿಪ್ಪು ಬಿಗಿದು, ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂಥ ದಾಸ್ತಾನು ಕರಗಿಸುತ್ತಾ ಆಮ್ಲಜನಕವಿಲ್ಲದೆಯೇ ಕಾಲ ತಳ್ಳುತ್ತದೆ. ಸಪ್ಪೆ ಮುಂದುವರಿದರೆ ಬಾಯಿ ತೆರೆಯದೆ ವಿಧಿಯಿಲ್ಲ. ಆಗ ಜೀವಕೋಶಗಳು ನೀರು ಹೀರಿ ಉಬ್ಬದಂತೆ ಟಾರಿನ್, ಗ್ಲೈಸಿನ್‌ನಂಥ ಅಮೈನೊ ಆಮ್ಲಗಳನ್ನು ಹೊರಹಾಕಿ ಹೊಂದಿಕೊಳ್ಳುತ್ತವೆ. ಇದಕ್ಕೆ ಸಮಯ ಬೇಕು. ಸಾಕಣೆಯ ಲೆಕ್ಕವೆಲ್ಲ ಆ ಸಮಯ ಕೊಡುವುದರಲ್ಲೇ ಇದೆ.

ಮಳೆನೀರು ಇಳಿದು ಉಪ್ಪಿನಂಶ ಸಾವಿರಕ್ಕೆ 27ರಿಂದ 35ರೊಳಗೆ ನಿಂತ ಮೇಲೆ, ಅಂದರೆ ನವೆಂಬರ್–ಡಿಸೆಂಬರ್‌ನಲ್ಲಿ, ಬಂಡೆಗಳಿಂದ 15–25 ಮಿ.ಮೀ. ಮರಿ ತನ್ನಿ. ಒದ್ದೆ ಗೋಣಿಯಲ್ಲಿ, ನೆರಳಲ್ಲೇ ಸಾಗಿಸಿ. ಕಡಲಿಗೂ ಅಳಿವೆಗೂ ಉಪ್ಪಿನ ವ್ಯತ್ಯಾಸ ದೊಡ್ಡದಿದ್ದರೆ ತೊಟ್ಟಿಯ ಕಡಲನೀರಿಗೆ ಅಳಿವೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ. ಚಿಪ್ಪು ಕೂದಲೆಳೆಯಷ್ಟು ತೆರೆದು, ಬೆರಳಿಂದ ತಟ್ಟಿದೊಡನೆ ಮುಚ್ಚಿಕೊಂಡರೆ ಮರಿ ಹೊಂದಿಕೊಂಡಿದೆ. ತಟ್ಟಿದರೂ ಬಾಯ್ಬಿಟ್ಟೇ ಇದ್ದರೆ ಎಸೆಯಿರಿ.

ಹಗ್ಗದ ಪ್ರತಿ ಮೀಟರ್‌ಗೆ 500–750 ಗ್ರಾಂ ಮರಿ ಹರಡಿ, ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿಯಿರಿ. ಕೆಲವೇ ದಿನಗಳಲ್ಲಿ ಮರಿ ಎಳೆ ಹೊಸೆದು ಹಗ್ಗ ಹಿಡಿಯುತ್ತದೆ, ಬಟ್ಟೆ ಕೊಳೆತು ಉದುರುತ್ತದೆ. ಉಳಿತಾಯವೆಂದು ನೈಲಾನ್ ಬಲೆ ಸುತ್ತಿದರೆ ಅದು ಕೊಳೆಯದು, ಮರಿ ಒಳಗೇ ಇಕ್ಕಟ್ಟಾಗಿ ಸೊರಗುತ್ತದೆ.

ನೀರಿಗೆ ಇಳಿಬಿಟ್ಟ ಹಗ್ಗದ ತುದಿ ಕಡಲಿನ ಇಳಿತದಲ್ಲೂ ತಳಕ್ಕೆ ತಾಗಕೂಡದು. ತಾಗಿದರೆ ಏಡಿ ತಿನ್ನುತ್ತದೆ, ಕೆಸರೂ ಕಾಡುತ್ತದೆ. ಮೇವನ್ನೇನೂ ಹಾಕಬೇಕಿಲ್ಲ. ಕಿವಿರಿನಿಂದ ನೀರು ಸೋಸಿ ಸೂಕ್ಷ್ಮ ಪಾಚಿ ಹಿಡಿಯುತ್ತದೆ, ಬಾಯಿಯ ಬಳಿಯ ತುಟಿಯಂಥ ಮಡಿಕೆಗಳು ಮಣ್ಣನ್ನು ಬೇರ್ಪಡಿಸಿ ಲೋಳೆಯಲ್ಲಿ ಸುತ್ತಿ ಹೊರಗೆಸೆಯುತ್ತವೆ. ಚಿಪ್ಪಿನಂಚಿನಲ್ಲಿ ಬೂದುಬಣ್ಣದ ಲೋಳೆಯೆಳೆ ಜೋತಿದ್ದರೆ ಅದು ಹಿಕ್ಕೆಯಲ್ಲ, ನುಂಗದೆ ಉಗುಳಿದ ಕೆಸರು. ಕದಡಿದ ನೀರಲ್ಲಿ ಬೆಳೆದ ಎಷ್ಟೋ ಚಿಪ್ಪುಜೀವಿಗಳಲ್ಲಿ ಕಿವಿರಿಗೆ ಹೋಲಿಸಿದರೆ ಈ ಮಡಿಕೆಗಳೇ ದೊಡ್ಡದಾಗುತ್ತವೆ. ಹೊಂದಾಣಿಕೆಯೇನೋ ಸರಿ, ಆದರೆ ಲೋಳೆ ಮಾಡುವ ಖರ್ಚು ಮಾಂಸದಿಂದಲೇ ಹೋಗುತ್ತದೆ. ಎಲ್ಲ ಹಗ್ಗದಲ್ಲೂ ಲೋಳೆ ಕಂಡರೆ ಜಾಗ ಬದಲಿಸಿ.

ಐದಾರು ತಿಂಗಳಿಗೆ 7–8 ಸೆಂ.ಮೀ. ಆಗುತ್ತದೆ. ಮುಂಗಾರಿನ ಮೊದಲ ನೆರೆಗೆ ಮುನ್ನವೇ ಎತ್ತಿ, ಹೊಟ್ಟೆ ಖಾಲಿಯಾಗಲು ಶುದ್ಧ ಕಡಲನೀರಲ್ಲಿ 24 ಗಂಟೆ ಬಿಟ್ಟು ಮಾರಿ.